ಹುಷಾರು ಮಾರಾಯಾ: ಬಳಕೆದಾರರ ಕೈಪಿಡಿ

ನಮ್ಮ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ಆರಿಸಿಕೊಂಡಿರಿ ಅನ್ನುವುದೂ ಪೂರ್ತಿ ಸರಿಯಲ್ಲ, ಮನೆಯ ಜತೆಗೇ ನಿಮ್ಮ ಪಾಲಿಗೆ ಬಂದದ್ದು ಇದು. ನಿಮ್ಮ ಅಜ್ಜ ಅಂಗಳದಲ್ಲಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಮಾಡಿನ ಮೇಲಿದ್ದವರತ್ತ ಕೂಗಿ ಇದನ್ನು ಬಳಸುತ್ತಿದ್ದರು. ಅಪ್ಪ ಜಗಲಿಯಲ್ಲಿ ಕೂತು ಕವಳ ಮೆಲ್ಲುತ್ತ ಬಳಸಿದರು. ನೀವು ಬೆಂಗಳೂರಿನಿಂದ ಫೋನಿನಲ್ಲೇ ಬಳಸುತ್ತೀರಿ. ಮಲೆನಾಡು, ಕರಾವಳಿಯ ಹಂಚಿನ ಮನೆಗಳಲ್ಲಿ ಇಷ್ಟು ಚಾಲ್ತಿಯಲ್ಲಿರುವ ಸುರಕ್ಷಾ ಸಾಧನ ಇನ್ನೊಂದಿಲ್ಲ. ತೂಕವಿಲ್ಲ, ಬೆಲೆಯಿಲ್ಲ, ತುಕ್ಕು ಹಿಡಿಯುವುದಿಲ್ಲ, ಇಲಿ ಕಡಿಯುವುದಿಲ್ಲ. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಪುರಸೊತ್ತಿಲ್ಲದಿದ್ದರೆ ಮಾಡಿನ ಮೇಲಿರುವವರನ್ನು ಮೊದಲು ಕೆಳಗಿಳಿಸಿ, ಆಮೇಲೆ ಪುರಸೊತ್ತು ಮಾಡಿಕೊಳ್ಳಿ.

ಬಳಕೆಯ ಜಾಗ, ಬಳಕೆಯ ಕಾಲ

ಇದು ಮುಖ್ಯವಾಗಿ ಮಂಗಳೂರು ಹಂಚಿನ ಮಾಡಿನ ಕೆಳಗೆ ಬೆಳೆದುಬಂದ ಸಾಧನ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆದಂಡೆಯ ಜೇಡಿಮಣ್ಣು ಹಂಚಾಗಿ ಘಟ್ಟ ಹತ್ತಿತು. ಸೋಗೆಯನ್ನೂ ಹುಲ್ಲನ್ನೂ ನಾಡಹಂಚನ್ನೂ ನಿಧಾನವಾಗಿ ಕೆಳಗಿಳಿಸಿತು. ಹಳೆಯ ಮನೆಯಾದರೆ ಹಂಚು ಮಗುಚಿದಾಗ ಮಿಷನ್ನಿನ ಹೆಸರಿನ ಜತೆಗೆ ಆ ಇಸವಿಯೂ ಅಚ್ಚಾಗಿದ್ದೀತು. ಅದು ಕಾರ್ಖಾನೆಯ ಇಸವಿ. ಮನೆಯದೆಂದು ಇಷ್ಟು ವರ್ಷ ನೆಂಟರಿಗೆ ಹೇಳಿಕೊಂಡು ಬಂದಿದ್ದರೆ ಹಾಗೇ ಮುಂದುವರಿಸಿ, ಸುರಕ್ಷತೆಗೆ ಅದರಿಂದ ಬಾಧಕವಿಲ್ಲ.

ಒಂದು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಅಡಿಬದಿಯಲ್ಲಿರುವ ಗುಬುಟುಗಳನ್ನು ರೀಪಿಗೆ ಸಿಕ್ಕಿಸಿಕೊಂಡು ಕೂತಿರುತ್ತದೆ, ಅಷ್ಟೇ. ಮೊಳೆಯೂ ಇಲ್ಲ, ಗಾರೆಯೂ ಇಲ್ಲ. ಹಾಗಾಗಿಯೇ ಒಂದು ಒಡೆದರೆ ಒಂದನ್ನೇ ಬದಲಿಸಲು ಬರುತ್ತದೆ. ಹಾಗಾಗಿಯೇ ಮಂಗ ಎಳೆದರೂ ಕಿತ್ತು ಬರುತ್ತದೆ, ಮನುಷ್ಯ ಕಾಲಿಟ್ಟರೂ ಅಲುಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಹಂಚಿನ ಸಂದು ಹುಡುಕುವ ಮೊದಲೇ ಸೂರು ದಾಟಿ ಹೋಗಲಿ ಎಂದು ಮಾಡನ್ನು ಕಡಿದಾಗಿ ಏರಿಸಿರುತ್ತಾರೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳ ಪ್ರಕಾರ 12 ಅಡಿ ಅಡ್ಡಕ್ಕೆ 4 ಅಡಿಗಿಂತ ಹೆಚ್ಚು ಏರಿದ ಮಾಡೆಲ್ಲ ಕಡಿದಾದ ಮಾಡೇ. ಅಂದರೆ ಸುಮಾರು 18 ಡಿಗ್ರಿ. ನಮ್ಮಲ್ಲಿ 45 ಡಿಗ್ರಿಯವರೆಗೂ ಏರಿಸುತ್ತಾರೆ. ಅಮೆರಿಕದವರು ಗಾಬರಿ ಬೀಳುವ ಮಾಡು ನಮ್ಮಲ್ಲಿ ಕೊಟ್ಟಿಗೆಗೂ ಸಾಲದು.

ಬಳಕೆಯ ಕಾಲ ಮೇ ತಿಂಗಳು, ಹಂಚು ಕೈಯಾಡಿಸುವಾಗ. ತರಗೆಲೆ ಗುಡಿಸುವುದು, ಹಾವಸೆ ಕೆರೆಯುವುದು, ಒಡೆದದ್ದನ್ನು ತೆಗೆದು ಹೊಸತು ಕೂರಿಸುವುದು. ಎರಡನೆಯ ಸುತ್ತು ಜುಲೈ ರಾತ್ರಿ, ದೇವರ ಕೋಣೆಯಲ್ಲಿ ಸೋರುತ್ತಿದೆ ಎಂದು ಗೊತ್ತಾದಾಗ. ಈ ಎರಡನೆಯ ಸುತ್ತಿನಲ್ಲಿ ಸಾಧನವನ್ನು ಇನ್ನೂ ದೊಡ್ಡ ದನಿಯಲ್ಲಿ ಬಳಸುವ ರೂಢಿಯಿದೆ. ಅದರ ಬದಲು ಸೋರುವ ಕಡೆ ಒಂದು ಕೊಪ್ಪರಿಗೆ ಇಟ್ಟು ಮಲಗಿ. ಒದ್ದೆ ಹಾವಸೆಯ ಮೇಲೆ ನಿಲ್ಲಿಸಬಲ್ಲ ಚಪ್ಪಲಿಯನ್ನು ಯಾರೂ ಹೊಲಿದಿಲ್ಲ.

ಸಾಧನ ಕೆಲಸ ಮಾಡುವ ಬಗೆ

ಹದಿನೈದು ಅಡಿ ಎತ್ತರದಿಂದ ಕಾಲು ಜಾರಿದವರು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 34 ಕಿಲೋಮೀಟರ್, ಅಂದರೆ ಪೇಟೆಯೊಳಗೆ ಸ್ಕೂಟರ್ ಓಡುವ ವೇಗ. ‘ಹುಷಾರು ಮಾರಾಯಾ’ ಎಂದು ಪೂರ್ತಿ ಕೂಗಲೂ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಕಾಲು ಜಾರಿದ್ದನ್ನು ಕಂಡ ಮೇಲೆ ಕೂಗಲು ಹೊರಟರೆ ಕೊನೆಯ ದೀರ್ಘ ಮುಗಿಯುವುದರೊಳಗೆ ಮಾರಾಯರು ಅಂಗಳದಲ್ಲಿರುತ್ತಾರೆ.

ಜಾರುವ ಮೊದಲೇ ಕೂಗಿದರೆ? ಮೇಲಿರುವವರು ಅಷ್ಟು ಹೊತ್ತಿಗೆ ಹುಷಾರಾಗಿಯೇ ಇರುತ್ತಾರೆ. ಮಾಡಿನ ಮೇಲೆ ಅದಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ನಿಮ್ಮ ಕೂಗಿಗೆ ಅವರು ಮರ್ಯಾದೆಗೆಂದು ಕತ್ತು ತಿರುಗಿಸಿ “ಹಾಂ ಅಯ್ಯಾ” ಅನ್ನುತ್ತಾರೆ. ತಿರುಗಿದಾಗ ಮೈಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ಸಾಧನದ ಗೊತ್ತಿರುವ ಅಡ್ಡಪರಿಣಾಮ ಇದೊಂದೇ.

ಹಾಗಾದರೆ ಇದು ಯಾರನ್ನು ಕಾಪಾಡುತ್ತದೆ ಎಂದು ಕೆಲವು ಗ್ರಾಹಕರು ಕೇಳುತ್ತಾರೆ. ಕೂಗಿದವರನ್ನು. ಅವಘಡವಾದ ಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಊರವರ ಮುಂದೆ, ಹೆಂಗಸರು ಮಕ್ಕಳು ಅಳುತ್ತಿರುವ ಮನೆಯಂಗಳದಲ್ಲಿ, “ನಾನು ಬೆಳಗ್ಗೆಯಿಂದ ಹೇಳ್ತಾನೇ ಇದ್ದೆ” ಅನ್ನಲು ಬರುತ್ತದೆ. ಅಲ್ಲಿ ಇದು ಒಮ್ಮೆಯೂ ಕೈಕೊಟ್ಟದ್ದಿಲ್ಲ. ಮೇಲಿರುವವರನ್ನು ಕಾಪಾಡಬೇಕು ಎಂಬ ಹೆಚ್ಚುವರಿ ಆಸೆ ನಿಮಗಿದ್ದರೆ ಕೆಳಗಿನ ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ.

ಪ್ರತ್ಯೇಕವಾಗಿ ಕೊಳ್ಳಬೇಕಾದ ಬಿಡಿಭಾಗಗಳು

ಏಣಿ. ಇದು ನಿಮ್ಮಲ್ಲಿ ಇದೆ ಎಂದು ನೀವು ನಂಬಿದ್ದೀರಿ. ಕೊಟ್ಟಿಗೆಯ ಹಿಂದೆ ಮಲಗಿರುವ ಬಿದಿರಿನ ಏಣಿಯ ಮೂರನೆಯ ಮೆಟ್ಟಿಲಿಗೆ ಕಟ್ಟಿದ ಬಟ್ಟೆಪಟ್ಟಿ ಯಾವ ವರ್ಷದ್ದೆಂದು ನೆನಪಿಸಿಕೊಳ್ಳಿ. ಏಣಿಯನ್ನು ಒರಗಿಸುವ ಲೆಕ್ಕ ಸುಲಭ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಹೊರಗಿರಬೇಕು, ತುದಿ ಸೂರನ್ನು ದಾಟಿ ಮೂರು ಅಡಿ ಮೇಲಿರಬೇಕು. ಹಂಚಿನ ಮನೆಯಲ್ಲಿ ಏಣಿಯನ್ನು ಸೂರಿನ ಹಂಚಿಗೇ ಆನಿಸಿದರೆ ಹಂಚು ಒಡೆದು ಏಣಿ ಪಕ್ಕಕ್ಕೆ ವಾಲುತ್ತದೆ. ಅಲ್ಲಿ ಎರಡು ಹಂಚು ತೆಗೆದು ಪಕಾಸಿಗೆ ಆನಿಸಿ, ಅದಕ್ಕೇ ಕಟ್ಟಿಹಾಕಬೇಕು. ಬುಡದಲ್ಲಿ ಅಡಿಕೆ ಸಿಪ್ಪೆ ಇರಬಾರದು, ಹಾವಸೆಗಟ್ಟಿದ ಕಲ್ಲು ಇರಬಾರದು, ಏಣಿ ಹಿಡಿದುಕೊಂಡು ಮೊಬೈಲ್ ನೋಡುತ್ತಿರುವ ಅಳಿಯನೂ ಇರಬಾರದು. ಅಲ್ಯೂಮಿನಿಯಂ ಏಣಿಯಾದರೆ ಕಂಬದಿಂದ ಮನೆಗೆ ಬಂದ ಕರೆಂಟಿನ ತಂತಿ ಯಾವ ಮೂಲೆಯಲ್ಲಿದೆ ಎಂದು ಎತ್ತುವ ಮೊದಲೇ ನೋಡಿಕೊಳ್ಳಿ.

ಬೆಲ್ಟು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟಿನಲ್ಲಿ ಬಿದ್ದವರ ಮೈ ನಡುವಿಗೆ ಮಡಚಿಕೊಳ್ಳುತ್ತದೆ. ಎಳೆತವೆಲ್ಲ ಹೊಟ್ಟೆಯ ಮೇಲೆ. ಬೀಳುವವರನ್ನು ಹಿಡಿಯಲು ಇಂಥದನ್ನು ಬಳಸಕೂಡದೆಂದು ಅಮೆರಿಕದಲ್ಲಿ 1998ರ ಜನವರಿಯಿಂದಲೇ ನಿಷೇಧವಿದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗಲೂ ಕೇಳಿದರೆ ಸಿಗುತ್ತದೆ. ಬೇಕಾದದ್ದು ಮೈಪೂರ್ತಿ ಹಿಡಿಯುವ ಹಾರ್ನೆಸ್: ಎರಡೂ ಹೆಗಲಿಗೆ ಪಟ್ಟಿ, ಎರಡೂ ತೊಡೆಗೆ ಪಟ್ಟಿ, ಬೆನ್ನಿನ ಮೇಲೆ ಹೆಗಲೆಲುಬುಗಳ ನಡುವೆ ಕಬ್ಬಿಣದ ಬಳೆ. ಐಎಸ್ 3521 ಎಂಬ ಸಂಖ್ಯೆಯೂ ಐಎಸ್‌ಐ ಗುರುತೂ ಇರಲಿ. ಎರಡು ಮೂರು ಸಾವಿರ ರೂಪಾಯಿಯೊಳಗೆ ಬರುತ್ತದೆ. ಮದುವೆ ಮನೆಯಲ್ಲಿ ಬಾಳೆ ಎಲೆ ಮೊದಲು ಬಂತೋ ನೀರು ಮೊದಲು ಬಂತೋ ಎಂದು ವರ್ಷಗಟ್ಟಲೆ ನೆನಪಿಡುವ ನಾವು, ತೊಡೆಯ ಪಟ್ಟಿ ಬಿಗಿದಿದೆಯೇ ಎಂದು ಒಮ್ಮೆ ಕಣ್ಣಾಡಿಸಬಹುದು. ಪಂಚೆ, ಲುಂಗಿಯ ಮೇಲೆ ಈ ಪಟ್ಟಿ ಕೂರುವುದಿಲ್ಲ. ಒಂದು ಹಳೆಯ ಪ್ಯಾಂಟನ್ನೂ ಜತೆಗೆ ಕೊಡುವ ಔದಾರ್ಯ ತೋರಿ.

ಕೊಂಡಿ. ಕೈಪಿಡಿಯ ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಬೆಲ್ಟು ಹತ್ತುವವರ ಮೈಮೇಲಿರುತ್ತದೆ, ಅದನ್ನು ಸಿಕ್ಕಿಸುವ ಕೊಂಡಿ ನಿಮ್ಮ ಮನೆಯ ಮೇಲಿರುತ್ತದೆ. ಅವರು ಎಷ್ಟೇ ಒಳ್ಳೆಯ ಬೆಲ್ಟು ತಂದರೂ ನಿಮ್ಮ ಮನೆಯ ಮರ ಕೈಕೊಟ್ಟರೆ ಬೆಲ್ಟು ಅವರ ಜತೆಗೇ ಬೀಳುತ್ತದೆ. ಅಮೆರಿಕದ ನಿಯಮ ಒಬ್ಬ ಮನುಷ್ಯನನ್ನು ಕಟ್ಟುವ ಕೊಂಡಿ 5,000 ಪೌಂಡು, ಅಂದರೆ ಸುಮಾರು 2,270 ಕಿಲೋ ತಾಳಬೇಕು ಅನ್ನುತ್ತದೆ. ಅರವತ್ತು ಕಿಲೋ ಆಳಿಗೆ ಇಷ್ಟೇಕೆ ಎಂದು ಜಿಪುಣತನ ಮಾಡಬೇಡಿ; ಬೀಳುತ್ತಿರುವ ಅರವತ್ತು ಕಿಲೋವನ್ನು ಗಕ್ಕನೆ ನಿಲ್ಲಿಸುವಾಗ ಹಗ್ಗಕ್ಕೆ ಬೀಳುವ ಎಳೆತ ಅದರ ಹತ್ತಾರು ಪಟ್ಟು ಆಗಬಲ್ಲದು.

ಆದ್ದರಿಂದ ರೀಪಿಗೆ ಕಟ್ಟಬೇಡಿ, ಅದು ಹಂಚು ಹೊರಲಿಕ್ಕೆಂದು ಇಟ್ಟ ಪಟ್ಟಿ. ಟಿವಿಯ ಡಿಶ್ಶಿಗೆ ಕಟ್ಟಬೇಡಿ. ಒರಲೆ ಹತ್ತಿದ ಪಕಾಸಿಗೆ ಕಟ್ಟಬೇಡಿ. ಒರಲೆ ಹತ್ತಿದೆಯೇ ಎಂದು ತಿಳಿಯಲು ಅಟ್ಟ ಹತ್ತಿ ಚೂರಿಯ ಮೊನೆಯಿಂದ ಒತ್ತಿ ನೋಡುವ ಕೆಲಸ ನಿಮ್ಮದು, ಯಾಕೆಂದರೆ ಮನೆ ನಿಮ್ಮದು. ನೆತ್ತಿಯ ಮೇಲಿಂದ ಹಗ್ಗ ಹಾಯಿಸಿ ಮನೆಯ ಆಚೆ ಬದಿಯ ಗಟ್ಟಿ ಮರದ ಬುಡಕ್ಕೆ ಸುತ್ತುವುದು ನಡೆಯುತ್ತದೆ. ನೆತ್ತಿಯಲ್ಲಿ ಹಗ್ಗ ಸವೆಯದಂತೆ ಗೋಣಿ ಮಡಚಿ ಹಾಕಿ, ಆ ಮರದ ಹತ್ತಿರ ಕತ್ತಿ ಹಿಡಿದವರು ಯಾರೂ ಸುಳಿಯದಂತೆ ನೋಡಿಕೊಳ್ಳಿ. ಹಗ್ಗವನ್ನು ಜೀಪಿಗೆ ಕಟ್ಟಕೂಡದು. ಕಟ್ಟಲೇಬೇಕೆಂದು ಯಾರಾದರೂ ಹಟ ಹಿಡಿದರೆ ಜೀಪಿನ ಕೀಲಿ ಮಾಡಿನ ಮೇಲಿರುವವರ ಕಿಸೆಯಲ್ಲಿರಲಿ. ಮುಂದಿನ ಸಲ ಮಾಡು ಬಿಚ್ಚಿ ಮರಮಟ್ಟು ಬದಲಿಸುವಾಗ ಅಲ್ಲಲ್ಲಿ ತೊಲೆಗೆ ಬೋಲ್ಟು ಹಾಕಿ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿಗಳನ್ನು ನೆತ್ತಿಯ ಸಾಲಿನಲ್ಲಿ ಖಾಯಂ ಕೂರಿಸಿಬಿಡಿ. ಮುಖಮಂಟಪದ ಕೆತ್ತನೆಗೆ ಕೊಟ್ಟ ದುಡ್ಡಿನಲ್ಲಿ ಚಿಲ್ಲರೆಯಷ್ಟೂ ಇದಕ್ಕೆ ತಗಲುವುದಿಲ್ಲ. ನೆಂಟರಿಗೆ ಕಾಣುವುದಿಲ್ಲ ಎಂಬುದೊಂದೇ ಕೊರತೆ.

ಹಗ್ಗ. ಬಾವಿಯ ಹಗ್ಗ ಬಾವಿಗೇ ಇರಲಿ. ಬೆಲ್ಟಿನ ಜತೆ ಬರುವ ಆರು ಅಡಿಯ ಪಟ್ಟಿಯಲ್ಲಿ ಒಂದು ಪೊಟ್ಟಣವಿರುತ್ತದೆ. ಬಿದ್ದಾಗ ಅದರೊಳಗಿನ ಹೊಲಿಗೆಗಳು ಒಂದೊಂದಾಗಿ ಹರಿಯುತ್ತ ಬಂದು ಎಳೆತವನ್ನು ನುಂಗುತ್ತವೆ. ಆರು ಅಡಿ ಪಟ್ಟಿ, ಹೊಲಿಗೆ ಹರಿದಾಗ ಉದ್ದವಾಗುವ ಮೂರೂವರೆ ಅಡಿ, ಬೆನ್ನಿನ ಬಳೆಯಿಂದ ಅಂಗಾಲಿನವರೆಗೆ ಐದು ಅಡಿ, ಇನ್ನೆರಡು ಅಡಿ ಕೈಮೀರಿ ಇರಲಿ ಅಂದರೆ ಕೊಂಡಿಯಿಂದ ಕೆಳಗೆ ಹದಿನಾರು ಹದಿನೇಳು ಅಡಿ ಖಾಲಿ ಬೇಕಾಯಿತು. ಹತ್ತು ಮಹಡಿಯ ಕಟ್ಟಡದಲ್ಲಿ ಇದು ದೊಡ್ಡ ಮಾತಲ್ಲ. ಮಲೆನಾಡಿನ ಮನೆಯ ಸೂರು ತಲೆ ತಗ್ಗಿಸಿ ಒಳಹೋಗಬೇಕಾದಷ್ಟು ಕೆಳಗಿರುತ್ತದೆ. ಸೂರಿನ ಹತ್ತಿರ ಈ ಪಟ್ಟಿ ಸಿಕ್ಕಿಸಿಕೊಂಡು ಬಿದ್ದವರು ಎಲ್ಲ ಸಲಕರಣೆ ಸಮೇತ, ನಿಯಮಬದ್ಧವಾಗಿ ನೆಲಕ್ಕೆ ಅಪ್ಪಳಿಸುತ್ತಾರೆ. ಬೆಲ್ಟು ತಂದುಕೊಟ್ಟು ಕೈತೊಳೆದುಕೊಂಡವರಿಗೆ ಯಾರೂ ಹೇಳದ ಸಂಗತಿ ಇದು.

ತಗ್ಗು ಸೂರಿನ ಮನೆಯಲ್ಲಿ ಮಾಡಬೇಕಾದ್ದು, ಬಿದ್ದವರನ್ನು ಹಿಡಿಯುವ ಬದಲು ಸೂರಿನವರೆಗೆ ಜಾರದಂತೆ ತಡೆಯುವುದು. ನೆತ್ತಿಯ ಕೊಂಡಿಯಿಂದ ಇಳಿಬಿಟ್ಟ ಹಗ್ಗಕ್ಕೆ ರೋಪ್ ಗ್ರ್ಯಾಬ್ ಎಂಬ ಹಿಡಿಯನ್ನು ಹಾಕುತ್ತಾರೆ. ನಿಧಾನ ಸರಿಸಿದರೆ ಸರಿಯುತ್ತದೆ, ತಟ್ಟನೆ ಜಗ್ಗಿದರೆ ಕಚ್ಚಿ ನಿಲ್ಲುತ್ತದೆ. ಹಗ್ಗದ ಉದ್ದ ಸೂರಿಗಿಂತ ಮೊದಲೇ ಮುಗಿಯಬೇಕು, ತುದಿಯಲ್ಲಿ ದಪ್ಪ ಗಂಟಿರಬೇಕು. ಸೂರಿನ ಕೊನೆಯ ಎರಡು ಸಾಲನ್ನು ಕೆಳಗಿನಿಂದ ಏಣಿಯ ಮೇಲೆ ನಿಂತೇ ಸರಿಮಾಡಬಹುದು. ಕೊಂಡಿಯಿಂದ ತುಂಬಾ ಪಕ್ಕಕ್ಕೆ ಸರಿದು ಕೆಲಸ ಮಾಡುವಾಗ ಜಾರಿದರೆ ಮನುಷ್ಯ ನೇರ ಕೆಳಗೆ ಬರುವುದಿಲ್ಲ, ಹಗ್ಗದ ತುದಿಯಲ್ಲಿ ತೂಗಿ ಬಂದು ಗೋಡೆಗೆ ಬಡಿಯುತ್ತಾನೆ. ಕೆಲಸ ಸರಿದ ಹಾಗೆ ಕೊಂಡಿಯೂ ಸರಿಯಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಒಂದು ದಿನದ ಕೆಲಸ ಎರಡು ದಿನವಾಗುತ್ತದೆ, ಎರಡು ದಿನದ ಕೂಲಿ ಕೊಡಬೇಕಾಗುತ್ತದೆ. ಬಿಡಿಭಾಗಗಳಲ್ಲಿ ದುಬಾರಿಯದ್ದು ಇದೇ.

ತಲೆಗೆ. ಐಎಸ್ 2925 ಗುರುತಿನ ಹೆಲ್ಮೆಟ್, ಗದ್ದದ ಪಟ್ಟಿ ಸಮೇತ. ಬೈಕಿನ ಹೆಲ್ಮೆಟ್ ಹಾಕಿ ಹತ್ತಿಸಬೇಡಿ, ಕಾಲಡಿ ಕಾಣುವುದಿಲ್ಲ. ಇನ್ನೊಂದು ಹೆಲ್ಮೆಟ್ ನಿಮಗೆ. ಸೂರಿನ ಕೆಳಗೆ ನಿಂತು ಮೇಲೆ ಮುಖ ಮಾಡಿ ಸಾಧನವನ್ನು ಬಳಸುತ್ತಿರುವವರ ಮೂಗಿನ ಮೇಲೆ ಎರಡೂವರೆ ಕಿಲೋ ಹಂಚು ಇಳಿಯುವುದು ಉಂಟು.

ಕಾನೂನಿನ ಹೊಂದಾಣಿಕೆ

ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನೇ ಇರಲಿಲ್ಲ ಎಂದು ನೀವು ತಿಳಿದಿದ್ದರೆ ಅದು ತಪ್ಪು ತಿಳಿವಳಿಕೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಮಾಡಿದ, 2025ರವರೆಗೆ ಜಾರಿಯಲ್ಲಿದ್ದ ಕೇಂದ್ರ ಕಾಯ್ದೆಯಡಿ ಬಂದ 1998ರ ನಿಯಮಗಳಲ್ಲಿ ಕಡಿದಾದ ಮಾಡಿಗೆಂದೇ ಪ್ರತ್ಯೇಕ ಭಾಗವಿತ್ತು. ಮಾಡಿನ ಮೇಲೆ ತೆವಳಿ ಹೋಗಲು ಹಲಗೆ ಹಾಸಬೇಕು, ಅದನ್ನು ನೆತ್ತಿಗೆ ಕೊಕ್ಕೆ ಹಾಕಿ ಭದ್ರ ಮಾಡಬೇಕು, ಹಲಗೆಯುದ್ದಕ್ಕೂ ಪಕ್ಕದಲ್ಲಿ ಗಟ್ಟಿ ಹಗ್ಗ ಕಟ್ಟಿರಬೇಕು ಎಂದಿತ್ತು. ಓದಿದರೆ ದಿಲ್ಲಿಯಲ್ಲಿ ಯಾರೋ ತೀರ್ಥಹಳ್ಳಿಯವರು ಕೂತು ಬರೆದಂತಿದೆ. ಹಳಬರು ಅಡಿಕೆ ದಬ್ಬೆಯ ಏಣಿಯನ್ನು ಹಂಚಿನ ಮೇಲೆ ಮಲಗಿಸಿ, ಮೇಲ್ತುದಿಯನ್ನು ನೆತ್ತಿಗೆ ಕೊಕ್ಕೆ ಹಾಕಿ, ಅದರ ಮೇಲೆ ಕೂತು ಕೆಲಸ ಮಾಡುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ. ಭಾರ ಒಂದೇ ಹಂಚಿನ ಮೇಲೆ ಬೀಳದೆ ಹತ್ತಾರು ಹಂಚಿಗೆ ಹರಡುತ್ತದೆ.

ಇನ್ನು ಅದರ ವಿನಾಯಿತಿ ನೋಡಿ. ಹತ್ತು ಮಂದಿಗಿಂತ ಕಡಿಮೆ ಆಳಿಟ್ಟಿದ್ದರೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಸ್ವಂತ ವಾಸದ ಮನೆಯ ಕೆಲಸವಾಗಿದ್ದು ವೆಚ್ಚ 10 ಲಕ್ಷ ರೂಪಾಯಿ ಮೀರದಿದ್ದರೆ ಆಗಲೂ ಅನ್ವಯಿಸುತ್ತಿರಲಿಲ್ಲ. ಇಬ್ಬರು ಆಳು, ಇನ್ನೂರು ಹಂಚು, ಒಂದು ಚೀಲ ಅವಲಕ್ಕಿಯ ನಿಮ್ಮ ಕೆಲಸ ಎರಡೂ ಬಾಗಿಲಿನಿಂದ ಹೊರಗೆ ನಡೆದುಬಿಡುತ್ತಿತ್ತು. ಕಡಿದಾದ ಮಾಡು ಮನೆಗಳ ಮೇಲೆಯೇ ಹೆಚ್ಚಾಗಿರುವ ನಾಡಿನಲ್ಲಿ ಕಡಿದಾದ ಮಾಡಿನ ನಿಯಮ ಮನೆಯನ್ನೇ ಬಿಟ್ಟುಕೊಟ್ಟಿತು.

ಹೋಗಲಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿದೆ, ಅವಘಡಕ್ಕೆ ಪರಿಹಾರವಿದೆ. ಅದಕ್ಕೆ ನೋಂದಣಿ ಬೇಕು. ಹದಿನೆಂಟರಿಂದ ಅರವತ್ತರೊಳಗಿನ ವಯಸ್ಸು ಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಹಂಚು ಕೈಯಾಡಿಸುವವರು ಮೇ ತಿಂಗಳಲ್ಲಿ ಮಾಡಿನ ಮೇಲೆ, ಜೂನಿನಲ್ಲಿ ಅಡಿಕೆಮರಕ್ಕೆ ಔಷಧಿ ಹೊಡೆಯಲು, ಆಮೇಲೆ ನಾಟಿಗೆ, ದೀಪಾವಳಿಯ ಹೊತ್ತಿಗೆ ಕೊನೆ ಇಳಿಸಲು. ವರ್ಷವಿಡೀ ಎತ್ತರದಲ್ಲೇ ಇರುವ ಇವರು ಯಾವ ಕಾಗದದಲ್ಲಿ ಯಾರು ಎಂದು ಹೇಳುವುದು ಕಷ್ಟ. ಆದರೂ ಅವರಿಗೆ ಕಾರ್ಡು ಇದೆಯೇ ಎಂದು ಒಮ್ಮೆ ಕೇಳಿ. ಇಲ್ಲವಾದರೆ ಅಪಘಾತ ವಿಮೆಯೊಂದನ್ನಾದರೂ ಮಾಡಿಸಿ ರಸೀದಿಯನ್ನು ಅವರ ಮನೆಯವರ ಕೈಗೆ ಕೊಡಿ.

ತೊಂದರೆಗಳು ಮತ್ತು ಪರಿಹಾರ

ತೊಂದರೆ: “ಬೆಲ್ಟೆಲ್ಲ ಬ್ಯಾಡ ಅಯ್ಯಾ, ಸಣ್ಣವ ಇರುವಾಗಿಂದ ಹತ್ತಿದೀನಿ, ಏನೂ ಆಗಿಲ್ಲ.”

ಪರಿಹಾರ: ಬಿದ್ದವರು ಈ ಮಾತು ಹೇಳಲು ಬಂದಿಲ್ಲ ಎಂಬುದನ್ನು ಗಮನಿಸಿ. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಡಿ. ಬೆಲ್ಟು ಹಾಕಿಕೊಂಡರೆ ಕೆಲಸ ನಿಧಾನವಾಗುತ್ತದೆ, ನಿಧಾನವಾದರೆ ನೀವು ಗೊಣಗುತ್ತೀರಿ ಎಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. “ಎರಡು ದಿನ ಆಗ್ಲಿ, ಎರಡೂ ದಿನದ ಸಂಬಳ ಕೊಡ್ತೀನಿ” ಎಂದು ಬೆಳಗ್ಗೆ ತಿಂಡಿಯ ಹೊತ್ತಿಗೇ ಹೇಳಿಬಿಟ್ಟರೆ ಬೆಲ್ಟಿನ ಮೇಲಿನ ಅವರ ಸಿಟ್ಟು ಅರ್ಧ ಇಳಿಯುತ್ತದೆ.

ತೊಂದರೆ: ಹಗ್ಗ ಹಿಡಿಯಿತು, ಮನುಷ್ಯ ಉಳಿದ, ಆದರೆ ಸೂರಿನಾಚೆ ನೇತಾಡುತ್ತಿದ್ದಾನೆ.

ಪರಿಹಾರ: ಫೋಟೊ ತೆಗೆಯಬೇಡಿ. ಅಲುಗಾಡದೆ ನೇತುಬಿದ್ದವರಲ್ಲಿ ತೊಡೆಪಟ್ಟಿಯ ಒತ್ತಡಕ್ಕೆ ರಕ್ತ ಕಾಲಿನಲ್ಲೇ ನಿಂತು, ಕೆಲವೇ ನಿಮಿಷಗಳಲ್ಲಿ ತಲೆಸುತ್ತು ಬಂದು ಎಚ್ಚರ ತಪ್ಪಬಹುದು. ಕೂಡಲೇ ಏಣಿ ತಂದು ಕಾಲಿಗೆ ಆಸರೆ ಕೊಟ್ಟು ಇಳಿಸಿ, 108ಕ್ಕೆ ಫೋನು ಮಾಡಿ. ಹಾಗಾಗಿ ಎರಡನೆಯ ಏಣಿಯೂ ಎರಡನೆಯ ಮನುಷ್ಯನೂ ಕೆಲಸ ಮುಗಿಯುವವರೆಗೆ ಅಂಗಳದಲ್ಲಿರಬೇಕು. ಸಿಗ್ನಲ್ಲು ಯಾವ ತೆಂಗಿನಮರದ ಬುಡದಲ್ಲಿ ಸಿಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದೂ ಸುರಕ್ಷಾ ಕ್ರಮವೇ.

ತೊಂದರೆ: ಒಂದೇ ಹಂಚು ಒಡೆದಿದೆ, ಅದಕ್ಕೂ ಇಷ್ಟೆಲ್ಲ ಬೇಕೆ?

ಪರಿಹಾರ: ಮುಚ್ಚಿಗೆಯಿಲ್ಲದ ಕಡೆಯಾದರೆ ಯಾವುದೂ ಬೇಡ, ಹತ್ತುವುದೇ ಬೇಡ. ಅಟ್ಟದ ಮೇಲೆ ನಿಂತು ಒಳಗಿನಿಂದಲೇ ಮೇಲಿನ ಸಾಲನ್ನು ತುಸು ಎತ್ತಿ, ಒಡೆದದ್ದನ್ನು ಎಳೆದುಕೊಂಡು, ಹೊಸತನ್ನು ತೂರಿಸಿ ರೀಪಿಗೆ ಕೂರಿಸಬಹುದು. ಮೊಳೆ ಹೊಡೆಯದ ಹಂಚಿನ ಉಪಕಾರ ಇದು. ಕೈಬಳಕೆಯಿರುವವರು ಮೈಗೆ ಬಿಸಿಲು ತಾಗದಂತೆ ಇಡೀ ಕೋಣೆಯನ್ನು ಹೀಗೆ ಮುಗಿಸುತ್ತಾರೆ. ಅವರು ಮಾಡಿನ ಮೇಲೆ ಕಾಣಿಸಲಿಲ್ಲವೆಂದು ಕೂಲಿಯಲ್ಲಿ ಮುರಿಯಬೇಡಿ.

ತೊಂದರೆ: ಹಂಚಿನ ಮೇಲೆ ತಗಡಿನ ಶೀಟು ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ.

ಪರಿಹಾರ: ಕೆಳಗೆ ಸೋರುವ ಚಿಂತೆಯಿಲ್ಲ. ಮೇಲೆ ಜಾರುವ ಚಿಂತೆ ಹೆಚ್ಚಾಗಿದೆ. ಹಂಚಿನಲ್ಲಿ ಕಾಲ್ಬೆರಳಿಗೆ ಏಣು ಸಿಗುತ್ತಿತ್ತು. ಬೆಳಕಿಗೆಂದು ನಡುವೆ ಹಾಕಿಸಿದ ಫೈಬರ್ ಶೀಟು, ಹಂಚಿನ ಕಾಲದ ಗಾಜಿನ ಹಂಚಿನಂತೆಯೇ ಮನುಷ್ಯನ ಭಾರ ಹೊರುವುದಿಲ್ಲ. ನಾಲ್ಕು ವರ್ಷದ ಧೂಳು ಕೂತ ಮೇಲೆ ಯಾವುದು ತಗಡು, ಯಾವುದು ಫೈಬರ್ ಎಂದು ಮೇಲಿನಿಂದ ತಿಳಿಯುವುದೂ ಇಲ್ಲ. ಹತ್ತುವವರಿಗೆ ಕೆಳಗಿನಿಂದ ತೋರಿಸಿ, ಬಣ್ಣದಲ್ಲಿ ಗುರುತು ಹಾಕಿಸಿ.

ಇಟ್ಟುಕೊಳ್ಳುವ ಕ್ರಮ

‘ಹುಷಾರು ಮಾರಾಯಾ’ವನ್ನು ಎಲ್ಲಿ ಬೇಕಾದರೂ ಇಡಬಹುದು. ಬಿಡಿಭಾಗಗಳಿಗೆ ಅಷ್ಟು ತಾಳಿಕೆಯಿಲ್ಲ. ಬೆಲ್ಟನ್ನು ಬಿಸಿಲಿಗೆ ನೇತುಹಾಕಿದರೆ ನೂಲು ಬಲ ಕಳೆದುಕೊಳ್ಳುತ್ತದೆ. ಮೈಲುತುತ್ತದ ಚೀಲ, ಬ್ಯಾಟರಿಯ ಆಸಿಡ್ಡು, ಪೆಟ್ರೋಲು ಇರುವ ಮೂಲೆಯಲ್ಲಿ ಇಡಬೇಡಿ. ಇಲಿ ಸೇರದ ಡಬ್ಬದಲ್ಲಿ ಹಾಕಿ, ಪ್ರತಿ ಸಲ ಹತ್ತುವ ಮೊದಲು ಪಟ್ಟಿಯ ಹೊಲಿಗೆಗಳನ್ನು ಬೆರಳಿನಲ್ಲಿ ಸವರಿ ನೋಡಿ. ಒಮ್ಮೆ ಬಿದ್ದವರನ್ನು ಹಿಡಿದ ಬೆಲ್ಟು ಮತ್ತೆ ಬಳಕೆಗಿಲ್ಲ. ಹೊರಗೆ ಚೆನ್ನಾಗಿಯೇ ಕಂಡರೂ ಕತ್ತರಿಸಿ ಎಸೆಯಿರಿ. ನೆರೆಮನೆಯವರು ಎರವಲು ಕೇಳಿದರೆ ಖಂಡಿತ ಕೊಡಿ, ದೋಟಿ ಕೊಡುವುದಿಲ್ಲವೇ. ವಾಪಸು ಬಂದಾಗ ಮಾತ್ರ ಚೆನ್ನಾಗಿ ನೋಡಿ ತೆಗೆದುಕೊಳ್ಳಿ. ನಡುವೆ ಅದನ್ನು ದನದ ಕಣ್ಣಿ ಮಾಡಿಕೊಂಡಿದ್ದ ಗುರುತು ಕಂಡರೆ ಜಗಳ ಬೇಡ, ಅದನ್ನು ಆ ದನಕ್ಕೇ ಬಿಟ್ಟು ಹೊಸತು ತನ್ನಿ.